ಕಂಪನಿ ಖಾತೆಗೆ ಕೈ ಹಾಕುವ ಮುನ್ನ

"ಕಂಪನಿ ನನ್ನದೇ, ದುಡ್ಡೂ ನನ್ನದೇ" ಎಂದು ಮಗಳ ಮದುವೆಗೆ ಕಂಪನಿಯಿಂದ ಸಾಲ ಎತ್ತಲು ಹೊರಟ ನಿರ್ದೇಶಕರೇ, ಸ್ವಲ್ಪ ತಡೆಯಿರಿ. ಕಾನೂನಿನ ಕಣ್ಣಲ್ಲಿ ಕಂಪನಿ ಬೇರೆ, ನೀವು ಬೇರೆ. 2013ರ ಕಂಪನಿ ಕಾಯ್ದೆಯ 185ನೇ ಕಲಂ ಪ್ರಕಾರ ನಿರ್ದೇಶಕರಿಗಾಗಲಿ, ಅವರ ಸಂಬಂಧಿಕರಿಗಾಗಲಿ ಕಂಪನಿ ಸಾಲ ಕೊಡುವಂತಿಲ್ಲ. ಜಾಮೀನು ನಿಲ್ಲುವಂತೆಯೂ ಇಲ್ಲ. ಮೀರಿದರೆ ಕಂಪನಿಗೆ 5ರಿಂದ 25 ಲಕ್ಷ ರೂಪಾಯಿ ದಂಡ. ಸಾಲ ಪಡೆದವರಿಗೂ ಅಷ್ಟೇ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಕೆಲವೊಮ್ಮೆ ಎರಡೂ.

ವಿನಾಯಿತಿಗಳಿವೆ. ಬೇರೆ ಕಂಪನಿಗಳ ಷೇರು ಬಂಡವಾಳವಿಲ್ಲದ, ಹೊರಸಾಲ ಮಿತಿಯೊಳಗಿರುವ, ಸುಸ್ತಿಯಾಗದ, ವಾರ್ಷಿಕ ಲೆಕ್ಕ ಸಲ್ಲಿಸಿರುವ ಖಾಸಗಿ ಕಂಪನಿಗೆ ಈ ನಿಷೇಧ ತಟ್ಟದು. ಹಾಗಂತ ಹಿಗ್ಗಬೇಡಿ! ನಿಮ್ಮ ಮತಾಧಿಕಾರ ಶೇ 10 ಅಥವಾ ಹೆಚ್ಚಿದ್ದರೆ, ಕಂಪನಿ ಕೂಡಿಟ್ಟ ಲಾಭದ ಮಟ್ಟಿಗೆ ಆ ಸಾಲವನ್ನು ಲಾಭಾಂಶವೆಂದೇ ಎಣಿಸಿ ತೆರಿಗೆ ಹಾಕಬಹುದು, ನೀವು ಮರಳಿ ಕಟ್ಟಿದ್ದರೂ. ಚೆಕ್ ಬರೆಯುವ ಮೊದಲು ಆಡಿಟರ್‌ಗೊಂದು ಫೋನ್ ಮಾಡಿ.