ತಂದೆಯಾಗುವ ಮುಂಚಿನ ಮೂರು ತಿಂಗಳು

ತಮ್ಮಾ, ಸೊಸೆ ಬಸುರಿ ಎಂದು ಗೊತ್ತಾದ ಕೂಡಲೇ ನಮ್ಮ ಮನೆಗಳಲ್ಲಿ ಪಥ್ಯದ ಪಾಠ ಶುರು. ಪರಂಗಿಹಣ್ಣು ಮುಟ್ಟಬೇಡ, ಸೊಪ್ಪು ತಿನ್ನು, ಕೇಸರಿ ಹಾಲು ಕುಡಿ. ಆ ಹೊತ್ತಿಗೆ ಮಗರಾಯ ಆಫೀಸಿನ ಕೆಳಗೆ ಗೋಬಿ ಮಂಚೂರಿ ತಿನ್ನುತ್ತಿರುತ್ತಾನೆ. ಅವನನ್ನು ಕೇಳುವವರಿಲ್ಲ. ಮಗುವಿಗೆ ಅಪ್ಪನಿಂದ ಬರುವುದು ಮೂಗು, ಬಣ್ಣ, ಮನೆತನದ ಹೆಸರು, ಅಷ್ಟೇ ಎಂಬ ನಂಬಿಕೆ. ವಿಜ್ಞಾನಿಗಳಲ್ಲಿ ಆ ನಂಬಿಕೆ ಸಡಿಲವಾಗಿ ವರ್ಷಗಳಾದವು. ಅದಕ್ಕೇ ನಿನಗೆ ಈ ಮಾತು.

ಯಕ್ಷಗಾನದಲ್ಲಿ ಪ್ರಸಂಗದ ಪುಸ್ತಕ ಒಂದೇ ಇದ್ದರೂ ಈ ರಾತ್ರಿ ಯಾವ ಪದ್ಯ ಹಾಡಬೇಕು, ಯಾವುದನ್ನು ಬಿಡಬೇಕು ಎಂಬುದು ಭಾಗವತರ ಕೈಯಲ್ಲಿರುತ್ತದೆ. ವಂಶವಾಹಿಗಳೂ ಹಾಗೆಯೇ. ಅಕ್ಷರ ಬದಲಾಗದೆ, ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ತಿಳಿಸುವ ಗುರುತುಗಳು ಅವುಗಳ ಮೇಲಿರುತ್ತವೆ. ಎಪಿಜೆನೆಟಿಕ್ಸ್ ಎಂದರೆ ಈ ಗುರುತುಗಳ ವಿದ್ಯೆ. ತಂದೆ ತಿಂದದ್ದು ಈ ಗುರುತುಗಳ ಮೂಲಕ, ವೀರ್ಯಾಣುವಿನೊಳಗಿನ ಪುಟ್ಟ ಆರ್‌ಎನ್‌ಎ ತುಣುಕುಗಳ ಮೂಲಕ ಮಗುವಿನವರೆಗೂ ಹೋಗಬಹುದು ಎಂಬುದು ಈಗಿನ ಅನುಮಾನ.

ಅನುಮಾನಕ್ಕೆ ಆಧಾರವಿದೆ. 2010ರಲ್ಲಿ ಸಿಡ್ನಿಯ ಮಾರ್ಗರೆಟ್ ಮಾರಿಸ್ ಮತ್ತು ಸಂಗಡಿಗರು ಗಂಡು ಇಲಿಗಳಿಗೆ ಕೊಬ್ಬು ತುಂಬಿದ ಆಹಾರ ಹಾಕಿ ದಪ್ಪಗಾಗಿಸಿದರು. ಹೆಣ್ಣು ಇಲಿಗಳಿಗೆ ಮಾಮೂಲಿ ಆಹಾರವೇ. ಆದರೂ ಹುಟ್ಟಿದ ಹೆಣ್ಣುಮರಿಗಳಲ್ಲಿ ಇನ್ಸುಲಿನ್ ಸರಿಯಾಗಿ ಸುರಿಯಲಿಲ್ಲ.

ಇಲಿಯ ಮಾತು ನಮಗ್ಯಾಕೆ ಎನ್ನುವೆ. ಸರಿ, ಸ್ವೀಡನ್ನಿನ ಉತ್ತರದ ತುದಿಯಲ್ಲಿ ಓವರ್‌ಕಾಲಿಕ್ಸ್ ಎಂಬ ಊರಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಒಂದು ವರ್ಷ ಕಣಜ ತುಂಬಿದರೆ ಇನ್ನೊಂದು ವರ್ಷ ಹೊಟ್ಟೆಗೇ ಇಲ್ಲ. ಸಂಶೋಧಕ ಲಾರ್ಸ್ ಓಲೋವ್ ಬೈಗ್ರೆನ್ ಹಳೆಯ ಬೆಳೆಯ ಲೆಕ್ಕಗಳನ್ನು ತೆಗೆದು, 1890, 1905, 1920ರಲ್ಲಿ ಅಲ್ಲಿ ಹುಟ್ಟಿದವರ ಆಯಸ್ಸಿನ ಜೊತೆ ಇಟ್ಟು ನೋಡಿದರು. ಒಂಬತ್ತರಿಂದ ಹನ್ನೆರಡರ ವಯಸ್ಸಿನಲ್ಲಿ ಹೊಟ್ಟೆತುಂಬ ಉಂಡು ಬೆಳೆದ ಅಜ್ಜನ ಮೊಮ್ಮಕ್ಕಳು ಬೇಗ ತೀರಿಕೊಂಡಿದ್ದರು. ಅದೂ ತಂದೆಯ ತಂದೆಯಾದ ಅಜ್ಜ, ಗಂಡು ಮೊಮ್ಮಕ್ಕಳು! ನನಗೆ ಇದು ಇವತ್ತಿಗೂ ವಿಚಿತ್ರವೆನಿಸುತ್ತದೆ. ಅಲ್ಲಿ ಲೆಕ್ಕಕ್ಕೆ ಸಿಕ್ಕವರು ಕೆಲವೇ ನೂರು ಮಂದಿ. ಉಪ್ಸಾಲಾದ ದೊಡ್ಡ ಅಧ್ಯಯನ 2018ರಲ್ಲಿ ಅಜ್ಜ-ಮೊಮ್ಮಗನ ನಂಟನ್ನು ಮತ್ತೆ ಕಂಡಿತು, ಆದರೆ ಸಕ್ಕರೆ ಕಾಯಿಲೆಯಿಂದಾದ ಸಾವುಗಳ ವಿಷಯದಲ್ಲಿ ಹಿಂದಿನ ಫಲಿತಾಂಶದ ಜೊತೆ ತಾಳೆಯಾಗಲಿಲ್ಲ.

ನಿನಗೆ ಹತ್ತಿರದ್ದು 2019ರ ಪ್ರಯೋಗ. ಸ್ವೀಡನ್ನಿನದೇ ಲಿನ್‌ಶಾಪಿಂಗ್‌ನಲ್ಲಿ ಆರೋಗ್ಯವಂತರಾದ 15 ಹುಡುಗರಿಗೆ ಒಂದು ವಾರ ಹಿತವಾದ ಊಟ, ಮುಂದಿನ ವಾರ ಅದರ ಜೊತೆಗೆ ಸಕ್ಕರೆಯ ಸುರಿಮಳೆ. ಅಷ್ಟರಲ್ಲೇ ವೀರ್ಯಾಣುವಿನ ಆರ್‌ಎನ್‌ಎ ತುಣುಕುಗಳು ಬದಲಾಗಿದ್ದವು. ಅವರ ಮಕ್ಕಳ ಮೇಲೆ ಏನಾಯಿತೆಂದು ಈ ಪ್ರಯೋಗ ನೋಡಲಿಲ್ಲ, ನೆನಪಿರಲಿ.

ಹಾಗಾಗಿ ಇದನ್ನು ಹಣೆಬರಹ ಮಾಡಿಕೊಳ್ಳಬೇಡ. ಗರ್ಭ ಕಟ್ಟಿದ ಮೇಲೆ ಇಂಥ ಗುರುತುಗಳಲ್ಲಿ ಹೆಚ್ಚಿನವು ಅಳಿಸಿಹೋಗುತ್ತವೆ. ಮಗುವಿಗೆ ಕಾಯಿಲೆ ಬಂದರೆ ಇಷ್ಟು ದಿನ ತಾಯಿಯನ್ನು ದೂರುತ್ತಿದ್ದ ಜನ ಇನ್ನು ತಂದೆಯನ್ನು ದೂರುವಂತಾದರೆ ಅದೇನು ಜ್ಞಾನ? ಇದನ್ನೇ ನೆಪ ಮಾಡಿಕೊಂಡು ಡಬ್ಬಿಯಲ್ಲಿ ಪುಡಿ ಮಾರುವವರೂ ಬರುತ್ತಾರೆ. ಅವರಿಂದ ದೂರವಿರು.

ಮಾಡಬೇಕಾದ್ದು ಖರ್ಚಿಲ್ಲದ ಕೆಲಸ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು, ಮಾಗಿ ಹೊರಬರಲು ಇನ್ನೊಂದೆರಡು ವಾರ. ಅಂದರೆ ನಿನಗಿರುವುದು ಮೂರು ತಿಂಗಳ ಗಡುವು. ಅಷ್ಟು ದಿನ ಸಿಗರೇಟು, ಗುಟ್ಕಾ, ಬಾಟಲಿಯ ಸಿಹಿನೀರು, ನಡುರಾತ್ರಿಯ ಬಿರಿಯಾನಿ ಬಿಡು. ಮುದ್ದೆ, ಸೊಪ್ಪಿನ ಸಾರು, ಮೊಳಕೆಕಾಳು ಮನೆಯಲ್ಲೇ ಇವೆ. ಸಂಜೆ ಬೆವರುವಷ್ಟು ನಡೆ. ಮಗುವಿನ ಮಾತು ಆಚೆಗಿರಲಿ, ಇದರಿಂದ ನಿನ್ನ ಮೈಗಂತೂ ನಷ್ಟವಿಲ್ಲ.

ಮಗು ಬೇಕೆಂದು ತೀರ್ಮಾನಿಸಿದಾಗ ಹೆಂಡತಿಯೊಬ್ಬಳನ್ನೇ ಡಾಕ್ಟರ ಕೋಣೆಗೆ ಕಳಿಸಿ ನೀನು ಹೊರಗೆ ಮೊಬೈಲು ನೋಡುತ್ತ ಕೂರಬೇಡ. ಜೊತೆಗೆ ಒಳಗೆ ಹೋಗು. ಅವಳಿಗೆ ಫೋಲಿಕ್ ಆಸಿಡ್ ಮಾತ್ರೆ ಬರೆಸುವಾಗ ನಿನ್ನ ತೂಕ, ಸೊಂಟದ ಅಳತೆ, ರಕ್ತದ ಸಕ್ಕರೆಯನ್ನೂ ನೋಡಿಸಿಕೋ.