ಹಳೆಯ ಮದ್ದು, ಹೊಸ ರೋಗ

ಮಲೇರಿಯಾ ಜ್ವರಕ್ಕೆಂದು ಸಿದ್ಧವಾದ ಮದ್ದೊಂದು 2020ನೆಯ ಇಸವಿಯಲ್ಲಿ ಲೋಕದ ಜನರೆಲ್ಲರ ನಾಲಗೆಯ ಮೇಲೆ ನಲಿದಾಡಿತು. ಅದು ಕ್ಲೋರೋಕ್ವಿನ್; ತುಸು ಮಾರ್ಪಟ್ಟ ಅದರ ರೂಪವೇ ಹೈಡ್ರಾಕ್ಸಿಕ್ಲೋರೋಕ್ವಿನ್. ಮೊದಲನೆಯದನ್ನು 1934ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಹಾನ್ಸ್ ಆಂಡರ್ಸಾಗ್ ತಯಾರಿಸಿದನು. ಎರಡನೆಯದಕ್ಕೆ 1955ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. ಕೀಲುವಾತಕ್ಕೂ ಲೂಪಸ್ ಎಂಬ ವ್ಯಾಧಿಗೂ ಅದು ಫಲಕಾರಿಯೆಂದು ಕಂಡುಬಂದಿತ್ತು. ಆದಕಾರಣ ಒಂದು ರೋಗದ ಮದ್ದು ಇನ್ನೊಂದಕ್ಕೆ ಸಲ್ಲುವುದು ಇದರ ಮಟ್ಟಿಗೆ ಹೊಸ ಸಂಗತಿಯಲ್ಲ.

ಕೋವಿಡ್ ಹಬ್ಬಿದಾಗ ಹೊಸ ಮದ್ದನ್ನು ಕಂಡುಹಿಡಿಯುವಷ್ಟು ವ್ಯವಧಾನವಿರಲಿಲ್ಲ. ಹಳೆಯ ಮದ್ದಾದರೋ ಅಗ್ಗ. ಅದರ ಪ್ರಮಾಣವನ್ನೂ ಅಪಾಯವನ್ನೂ ವೈದ್ಯರು ಬಲ್ಲರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಕ್ಲೋರೋಕ್ವಿನ್ ಆ ವೈರಸ್ಸನ್ನು ತಡೆಯಿತೆಂದು 2020ರ ಫೆಬ್ರವರಿಯಲ್ಲಿ ಚೀನದ ಸಂಶೋಧಕರು ಪ್ರಕಟಿಸಿದರು. ಆ ಜೀವಕೋಶಗಳು ಆಫ್ರಿಕದ ಹಸುರು ಕೋತಿಯ ಮೂತ್ರಪಿಂಡದವು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಮಾರ್ಚಿ ತಿಂಗಳಲ್ಲಿ ಫ್ರಾನ್ಸಿನ ಮಾರ್ಸೇಯ್ ನಗರದಿಂದ ಇನ್ನೊಂದು ವರದಿ ಹೊರಟಿತು. ಮದ್ದು ಪಡೆದ 26 ಮಂದಿಯಲ್ಲಿ 6 ಮಂದಿಯನ್ನು ಲೆಕ್ಕದಿಂದ ಬಿಟ್ಟು, ಉಳಿದ 20 ಮಂದಿಯನ್ನು ಮದ್ದು ಪಡೆಯದ 16 ಮಂದಿಯೊಡನೆ ಹೋಲಿಸಿ, ಮದ್ದು ವೈರಸ್ಸನ್ನು ಬೇಗನೆ ತೊಲಗಿಸುತ್ತದೆಂದು ಅದರಲ್ಲಿ ಸಾರಲಾಗಿತ್ತು. ಬಿಟ್ಟ ಆರು ಮಂದಿ ಯಾರು? ಮೂವರು ತೀವ್ರ ನಿಗಾ ಘಟಕಕ್ಕೆ ಸೇರಿದವರು, ಒಬ್ಬರು ತೀರಿಕೊಂಡವರು, ಒಬ್ಬರು ವಾಕರಿಕೆಯಿಂದ ಮದ್ದು ನಿಲ್ಲಿಸಿದವರು, ಇನ್ನೊಬ್ಬರು ಆಸ್ಪತ್ರೆಯಿಂದ ಹೊರಟುಹೋದವರು. ನಪಾಸಾದವರ ಹೆಸರುಗಳನ್ನು ಹಾಜರಿ ಪುಸ್ತಕದಿಂದ ತೆಗೆದುಹಾಕಿ, ನಮ್ಮ ಫಲಿತಾಂಶ ನೂರಕ್ಕೆ ನೂರು ಎಂದರೆ ಯಾರು ಒಪ್ಪಿಯಾರು? ಆ ಲೇಖನವನ್ನು ಪತ್ರಿಕೆಯು ಹಿಂತೆಗೆದುಕೊಂಡದ್ದು 2024ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಮಾತು ಲೋಕವನ್ನೆಲ್ಲ ಸುತ್ತಿಬಂದಿತ್ತು. 2020ರ ಮಾರ್ಚಿಯಲ್ಲಿಯೇ ಅಮೆರಿಕವು ತುರ್ತು ಬಳಕೆಗೆ ಅನುಮತಿ ಕೊಟ್ಟು, ಜೂನಿನಲ್ಲಿ ಅದನ್ನು ರದ್ದುಗೊಳಿಸಿತು. ನಮ್ಮ ದೇಶದಲ್ಲಿ ಆರೋಗ್ಯ ಸಿಬ್ಬಂದಿಗೆ ಮುಂಜಾಗ್ರತೆಗೆಂದು ಈ ಗುಳಿಗೆಯನ್ನು ಸೂಚಿಸಲಾಯಿತು. ನಿತ್ಯವೂ ಇದನ್ನೇ ನಂಬಿದ್ದ ಲೂಪಸ್ ರೋಗಿಗಳು ಹಲವೆಡೆ ಗುಳಿಗೆ ಸಿಗದೆ ಪರದಾಡಿದರು.

ನಿಜವಾದ ತೂಕ ನಡೆದದ್ದು ಬ್ರಿಟನ್ನಿನ 'ರಿಕವರಿ' ಪರೀಕ್ಷೆಯಲ್ಲಿ. ಯಾರಿಗೆ ಮದ್ದು, ಯಾರಿಗೆ ಮಾಮೂಲು ಚಿಕಿತ್ಸೆ ಎಂಬುದನ್ನು ವೈದ್ಯರು ಆರಿಸಲಿಲ್ಲ. ಚೀಟಿ ಎತ್ತಿದಂತೆ ನಿರ್ಧಾರವಾಯಿತು. ಮದ್ದು ನಿಗದಿಯಾದ 1,561 ರೋಗಿಗಳಲ್ಲಿ 28 ದಿನಗಳೊಳಗೆ ನೂರಕ್ಕೆ 27 ಮಂದಿ ಮಡಿದರು. ಮಾಮೂಲು ಚಿಕಿತ್ಸೆಯ 3,155 ಮಂದಿಯಲ್ಲಿ ನೂರಕ್ಕೆ 25 ಮಂದಿ. ಈ ಅಂತರ ಆಕಸ್ಮಿಕವಿದ್ದೀತು. ಮದ್ದಿನಿಂದ ಪ್ರಾಣ ಉಳಿಯಿತೆನ್ನಲು ಮಾತ್ರ ಆಧಾರವಿಲ್ಲ.

ತಟ್ಟೆಯಲ್ಲಿ ಗೆದ್ದ ಮದ್ದು ಮನುಷ್ಯನಲ್ಲಿ ಸೋತದ್ದೇಕೆ? ಕೋತಿಯ ಆ ಜೀವಕೋಶವು ವೈರಸ್ಸನ್ನು ಒಂದು ಪುಟ್ಟ ಚೀಲದೊಳಗೆ ನುಂಗಿಕೊಳ್ಳುತ್ತದೆ. ಚೀಲದೊಳಗಿನ ಆಮ್ಲದ ನೆರವಿಲ್ಲದೆ ವೈರಸ್ಸು ಅಲ್ಲಿಂದ ಮುಂದೆ ಹೋಗಲಾರದು. ಕ್ಲೋರೋಕ್ವಿನ್ ಆ ಆಮ್ಲವನ್ನು ಕುಂದಿಸುತ್ತದೆ. ಮನುಷ್ಯನ ಶ್ವಾಸಕೋಶದ ಜೀವಕೋಶದಲ್ಲಾದರೋ ಹೊರಮೈಯಲ್ಲಿರುವ ಒಂದು ಕಿಣ್ವವೇ ವೈರಸ್ಸಿಗೆ ಬಾಗಿಲು ತೆರೆದುಕೊಡುತ್ತದೆ; ಅಲ್ಲಿ ಆಮ್ಲದ ಹಂಗಿಲ್ಲ. ಮದ್ದು ಕಾವಲು ಕುಳಿತದ್ದು ಕಳ್ಳನು ಬಾರದ ಹಿತ್ತಿಲ ಬಾಗಿಲಲ್ಲಿ! ಶ್ವಾಸಕೋಶದ ಜೀವಕೋಶಗಳಲ್ಲಿ ಮದ್ದು ನಿಷ್ಫಲವೆಂಬುದನ್ನು ಜರ್ಮನಿಯ ವಿಜ್ಞಾನಿಗಳು 2020ರ ಜುಲೈಯಲ್ಲಿ ತೋರಿಸಿಕೊಟ್ಟರು.

ಅದೇ 'ರಿಕವರಿ' ಪರೀಕ್ಷೆಯಲ್ಲಿ ಡೆಕ್ಸಾಮೆಥಸೋನ್ ಎಂಬ ಇನ್ನೊಂದು ಹಳೆಯ, ಅಗ್ಗದ ಮದ್ದನ್ನೂ ಹೀಗೆಯೇ ತೂಗಲಾಯಿತು. ಉಸಿರಾಟದ ಯಂತ್ರಕ್ಕೊಳಗಾದ ರೋಗಿಗಳಲ್ಲಿ ಅದು ಸಾವನ್ನು ಸುಮಾರು ಮೂರರಲ್ಲೊಂದು ಪಾಲು ತಗ್ಗಿಸಿತು. ಆಮ್ಲಜನಕ ಬೇಕಾಗದೆ ಇದ್ದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ.