ಮೂಳೆ ಕರಗಿಸುವ ಕೋಶಕ್ಕೆ ಅಪ್ಪಣೆ ಕೊಡುವವರು ಯಾರು? – 9ನೇ ತರಗತಿಯ ಒಂದು ಪಾಠ

ಅಭ್ಯಾಸ ಬೋಧನೆಯ ಎರಡನೇ ವಾರ 9ನೇ ತರಗತಿಯ ‘ಅಂಗಾಂಶಗಳು’ ಪಾಠದಲ್ಲಿ ಮೂಳೆಯ ಭಾಗ ನನ್ನ ಪಾಲಿಗೆ ಬಂತು. ನಾಲ್ಕು ದಿನ ವಿನೆಗರ್‌ನಲ್ಲಿ ನೆನೆಸಿದ ಕೋಳಿ ಮೂಳೆಯನ್ನು ಬಾಗಿಸಿ ತೋರಿಸಿದೆ. ಆಮ್ಲ ಖನಿಜವನ್ನು ಕರಗಿಸಿತ್ತು, ನಾರಿನ ಭಾಗ ಉಳಿದಿತ್ತು. ನಮ್ಮ ದೇಹದಲ್ಲೂ ಆಮ್ಲ ಸುರಿಸಿ ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳಿವೆ ಎಂದೆ. ಉತ್ಸಾಹದಲ್ಲಿ ಅವುಗಳನ್ನು ‘ಮೂಳೆಯ ಶತ್ರುಗಳು’ ಎಂದೂ ಕರೆದುಬಿಟ್ಟೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು: “ಹಾಗಾದ್ರೆ ನಮ್ಮ ಮೂಳೆ ಎಲ್ಲಾ ಯಾಕೆ ಕರಗಿ ಹೋಗಿಲ್ಲ ಸರ್? ನಮ್ಮಜ್ಜಿ ಬಚ್ಚಲಲ್ಲಿ ಜಾರಿದ್ದಕ್ಕೇ ಸೊಂಟದ ಮೂಳೆ ಮುರೀತಲ್ಲ?” ವಯಸ್ಸಾದ ಮೇಲೆ ಹಾಗೇ ಎಂದು ಮುಂದೆ ಹೋದೆ. ವೀಕ್ಷಕರು ನನ್ನ ಪಾಠಯೋಜನೆಯ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ‘ಪ್ರಶ್ನೆ ಚೆನ್ನಾಗಿತ್ತು, ಉತ್ತರ ಬರಲಿಲ್ಲ.’

ಆ ರಾತ್ರಿ ಓದಲು ಕುಳಿತಾಗ ನನ್ನ ತಪ್ಪು ಗೊತ್ತಾಯಿತು. ಆಸ್ಟಿಯೋಕ್ಲಾಸ್ಟ್ ತಾನಾಗಿ ಹುಟ್ಟುವುದಿಲ್ಲ. ರಕ್ತಕೋಶಗಳ ವಂಶದ ಪೂರ್ವಕೋಶಗಳಿಗೆ ಎರಡು ಸಂಕೇತ ಬೇಕು. ಎಂ-ಸಿಎಸ್‌ಎಫ್ ಎಂಬ ಬೆಳವಣಿಗೆ ಅಂಶ ಅವುಗಳನ್ನು ಬದುಕಿಸಿ, ಹೆಚ್ಚಿಸಿ, ಮೇಲ್ಮೈಯಲ್ಲಿ ರ್‍ಯಾಂಕ್ ಎಂಬ ಗ್ರಾಹಕವನ್ನು ಮೂಡಿಸುತ್ತದೆ. ಆ ಗ್ರಾಹಕಕ್ಕೆ ರ್‍ಯಾಂಕ್‌ಎಲ್ ಎಂಬ ಪ್ರೋಟೀನ್ ಕೂಡಿದಾಗ ಹಲವು ಕೋಶಗಳು ಬೆಸೆದು ಒಂದು ಆಸ್ಟಿಯೋಕ್ಲಾಸ್ಟ್ ಆಗುತ್ತದೆ. ಈ ರ್‍ಯಾಂಕ್‌ಎಲ್ ತಯಾರಿಸುವವರು ಮೂಳೆ ಕಟ್ಟುವ ವಂಶದ ಕೋಶಗಳೇ! ಅದನ್ನು ಹಿಡಿದಿಟ್ಟು ತಡೆಯುವ ಓಪಿಜಿ ಪ್ರೋಟೀನನ್ನೂ ಅವೇ ಸ್ರವಿಸುತ್ತವೆ. ಓಪಿಜಿ ಬೆಳಕಿಗೆ ಬಂದದ್ದು 1997ರಲ್ಲಿ. ನಮ್ಮ ಬಿಎಸ್ಸಿ ನೋಟ್ಸ್‌ನಲ್ಲಿ ಅದರ ಹೆಸರೇ ಇರಲಿಲ್ಲ.

ಮರುಪಾಠಕ್ಕೆ ರಟ್ಟಿನಲ್ಲಿ 10 ಕೀಲಿಕೈ ಕತ್ತರಿಸಿದೆ. ಅವು ರ್‍ಯಾಂಕ್‌ಎಲ್. ನೀಲಿ ಪಟ್ಟಿ, ಅಂದರೆ ಎಂ-ಸಿಎಸ್‌ಎಫ್, ಸಿಕ್ಕ 10 ಮಕ್ಕಳು ನಿಜವಾದ ಬೀಗಗಳು. ಮೊದಲ ಸುತ್ತಿನಲ್ಲಿ ಹತ್ತೂ ಬೀಗ ತೆರೆದವು. ತೆರೆದವರು ಕೈಕೈ ಹಿಡಿದು ಗುಂಪಾದರು. ಎರಡನೇ ಸುತ್ತಿಗೆ ಓಪಿಜಿ ಪಾತ್ರದ ಏಳು ‘ಸುಳ್ಳು ಬೀಗ’ಗಳನ್ನು ಮುಂದೆ ನಿಲ್ಲಿಸಿದೆ. ಅವರು ಏಳು ಕೀಲಿ ನುಂಗಿದರು, ಮೂರೇ ತಲುಪಿದವು. ಮೂರನೇ ಸುತ್ತಿನಲ್ಲಿ ಸುಳ್ಳು ಬೀಗ ಎರಡೇ. ಎಂಟು ಕೀಲಿ ದಾಟಿದವು. “ಕೀಲಿ ಜಾಸ್ತಿ ಮಾಡ್ಲೇ ಇಲ್ವಲ್ಲ ಸರ್!” ಎಂದು ಒಬ್ಬ ಕೂಗಿದ. ಮುಖ್ಯವಾದದ್ದು ಇವೆರಡರ ಅನುಪಾತ ಎಂಬುದನ್ನು ನಾನು ಹೇಳಬೇಕಾಗಲಿಲ್ಲ.

ಆಗ ಅಜ್ಜಿಯ ಪ್ರಶ್ನೆಗೆ ಮರಳಿದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ತಕ್ಕಡಿ ರ್‍ಯಾಂಕ್‌ಎಲ್ ಕಡೆಗೆ ವಾಲುತ್ತದೆ, ಕಟ್ಟುವುದಕ್ಕಿಂತ ಕರಗುವುದು ಹೆಚ್ಚುತ್ತದೆ. ‘ಮುಟ್ಟು’ ಎಂದಾಗ ಹುಡುಗರು ಮುಸಿಮುಸಿ ನಕ್ಕರು, ನಾನು ನಿಲ್ಲಿಸಲಿಲ್ಲ. ರ್‍ಯಾಂಕ್‌ಎಲ್‌ಗೆ ಅಂಟಿಕೊಂಡು ಓಪಿಜಿಯ ಕೆಲಸ ಮಾಡುವ ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದು 2010ರಿಂದ ಬಳಕೆಯಲ್ಲಿದೆ ಎಂದೂ ತಿಳಿಸಿದೆ. ಅದು ಅಜ್ಜಿಗೆ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಬೇಕು ಎಂದೆ.

‘ಶತ್ರು’ ಎಂಬ ಮಾತನ್ನು ಹಿಂದಕ್ಕೆ ಪಡೆಯುವುದೇ ಕಷ್ಟವಾಯಿತು. ರ್‍ಯಾಂಕ್‌ಎಲ್ ಇಲ್ಲದ ಇಲಿಗಳಿಗೆ ಆಸ್ಟಿಯೋಕ್ಲಾಸ್ಟ್‌ಗಳೂ ಇರುವುದಿಲ್ಲ. ಅವುಗಳ ಮೂಳೆ ಅತಿಯಾಗಿ ದಟ್ಟವಾಗುತ್ತದೆ, ದವಡೆಯ ಮೂಳೆ ಕರಗದೆ ಹಲ್ಲು ಹೊರಬರುವುದೇ ಇಲ್ಲ ಎಂದು ವಿವರಿಸಿದೆ. ಮಕ್ಕಳು ತಮ್ಮ ಹಲ್ಲು ಮುಟ್ಟಿ ನೋಡಿಕೊಂಡರು.

ಒಂದು ತಿದ್ದುಪಡಿ ಬಾಕಿಯಿದೆ. ಕೀಲಿ ಹಂಚುವ ಪಾತ್ರಕ್ಕೆ ಆಸ್ಟಿಯೋಬ್ಲಾಸ್ಟ್ ಎಂದು ಹೆಸರಿಟ್ಟಿದ್ದೆ. ಬೆಳೆದವರ ಮೂಳೆಯಲ್ಲಿ ಆ ಕೆಲಸ ಹೆಚ್ಚಾಗಿ ಮಾತೃಕೆಯಲ್ಲಿ ಹುದುಗಿದ ಆಸ್ಟಿಯೋಸೈಟ್‌ಗಳದ್ದು. ಮುಂದಿನ ಸಲ ಆ ಚೀಟಿ ಬದಲಿಸುತ್ತೇನೆ.

ಘಟಕ ಪರೀಕ್ಷೆಯಲ್ಲಿ ನಾಲ್ವರು ‘ಮೂಳೆಯ ಶತ್ರು’ ಎಂದೇ ಬರೆದಿದ್ದರು. ಹೇಳಿಕೊಟ್ಟವನು ನಾನೇ ಆದ್ದರಿಂದ ಅಂಕ ಕಳೆಯಲಿಲ್ಲ.